ಪರೀಕ್ಷೆಯ ಹಾಸಿಗೆಯಲ್ಲಿ ಜಟ್ಟೆಪ್ಪ

ಹೇಳಬೇಕೋ, ಬೇಡವೋ? ಭುಜ ನೋಯುತ್ತದೆ ಎಂದರೆ ನರ್ಸಿಂಗ್ ಕಲಿಯುವ ಹುಡುಗಿ ಎರಡನೇ ಸಲ ನಪಾಸಾಗುತ್ತಾಳೆ. ಸುಮ್ಮನಿದ್ದರೆ ಇಂದೂ ಹಲ್ಲು ಕಚ್ಚಿಕೊಳ್ಳಬೇಕು. ಬೆಳಗಿನ ಆರು ಗಂಟೆ. ಹಾವೇರಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ವಯಸ್ಸಾದವರ ವಾರ್ಡಿನ ನೆಲ ಒರೆಸುತ್ತ ಜಟ್ಟೆಪ್ಪ ಇದನ್ನೇ ಯೋಚಿಸುತ್ತಿದ್ದಾರೆ.

ಕರ್ಜಗಿಯಿಂದ ಮೊದಲ ಬಸ್ಸಿಗೆ ಬರುವ ಇವರು ಹನ್ನೊಂದು ವರ್ಷಗಳಿಂದ ಇಲ್ಲಿ ವಾರ್ಡ್ ಬಾಯ್. "ಐವತ್ತೇಳಕ್ಕೂ ಬಾಯ್ ಅಂತಾರ್ರಿ, ಮೊಮ್ಮಕ್ಕಳು ನಗತಾವ." ದಿನಕ್ಕೆ ಇಪ್ಪತ್ತೆರಡು ಹಾಸಿಗೆಗಳ ಚಾಕರಿ. ಅದರ ಮೇಲೆ ಯಾವ ಕಾಗದದಲ್ಲೂ ಇಲ್ಲದ ಇನ್ನೊಂದು ಕೆಲಸ: ನರ್ಸಿಂಗ್ ಹುಡುಗಿಯರು ರೋಗಿಯನ್ನು ಮಗ್ಗುಲಿಗೆ ಹೊರಳಿಸಲು ಕಲಿಯುವಾಗ, ಪರೀಕ್ಷೆ ಕೊಡುವಾಗ, ರೋಗಿಯಾಗಿ ಮಲಗುವವರು ಇವರೇ.

ಮಲಗಿದವರ ಕಿವಿಗೆ ಎಲ್ಲ ಬೀಳುತ್ತದೆ. "'ಮತ್ತ ಮುದುಕರ ವಾರ್ಡ್ ಬಂತಲ್ಲೇ' ಅಂತ ಹಣಿ ಬಡಕೋತಾವ. ನನ್ನ ಮೈ ಮ್ಯಾಲಿಂದನ ರವಿವಾರದ ಟೀವಿ ಸಿನಿಮಾದ ಸುದ್ದಿ ಮಾತಾಡ್ತಾವ. ಕೆಟ್ಟ ಹುಡುಗ್ಯಾರಲ್ರಿ. ಮುದಿ ಮೈಯಾಗ ಇನ್ನೂ ಒಬ್ಬ ಮನಷ್ಯಾ ಇರ್ತಾನ ಅನ್ನೂದು ಗೊತ್ತಿರೂದಿಲ್ಲ, ಅಷ್ಟ."

ಮಳೆಗಾಲದಲ್ಲಿ, ಜಾರಿ ಬೀಳುತ್ತಿದ್ದ ರೋಗಿಯೊಬ್ಬರನ್ನು ತಡೆದು ಹಿಡಿದಾಗಿನಿಂದ ಇವರ ಎಡಭುಜ ನೋಯುತ್ತಿದೆ.

ಒಂಬತ್ತಕ್ಕೆ ಪರೀಕ್ಷೆ. ಬ್ಯಾಡಗಿಯ ಗುಡ್ಡವ್ವ ಎಂಬ ಹುಡುಗಿ ಹೋದ ಸಲ ಇದರಲ್ಲೇ ನಪಾಸಾದವಳು. ಮತ್ತೆ ನಪಾಸಾದರೆ ಮನೆಯವರು ಕಲಿತದ್ದು ಸಾಕು ಎನ್ನುತ್ತಾರೆ. ಅವಳು ಜಟ್ಟೆಪ್ಪನವರ ಎಡಭುಜವನ್ನೇ ಹಿಡಿದು ಹೊರಳಿಸುತ್ತಾಳೆ.

"ನೋವಾತೇನ ಅಜ್ಜಾ?" ಪರೀಕ್ಷಕಿ ಕೇಳುತ್ತಾರೆ.

"ಇಲ್ರಿ ಬಾಯಾರ. ಹೂ ಎತ್ತಿಧಂಗ ಎತ್ತಿದ್ಲು."

ಪರೀಕ್ಷಕಿ ಬರೆದುಕೊಳ್ಳುತ್ತಾರೆ. ಗುಡ್ಡವ್ವ ಜಟ್ಟೆಪ್ಪನವರ ಮುಖವನ್ನೇ ನೋಡುತ್ತಾಳೆ. "ಸುಳ್ಳರಿ ಮೇಡಂ. ನೋವಾಗೇತಿ. ಕಾಕಾನ ಕಣ್ಣಾಗ ನೀರ ಬಂದಾವು."

"ಏ ಹುಚ್ಚಿ, ಸುಮ್ಮನಿರ!"

"ನೀವ ಸುಮ್ಮನಿರ್ರಿ ಕಾಕಾ. ಎಲ್ಲಿ ನೋಯತೈತಿ, ಹೇಳ್ರಿ."

ಜಟ್ಟೆಪ್ಪ ಭುಜ ಮುಟ್ಟಿ ತೋರಿಸುತ್ತಾರೆ. ಅವಳು ಅದಕ್ಕೆ ದಿಂಬಿನ ಆಸರೆ ಕೊಟ್ಟು, ಬೆನ್ನಿಗೆ ಕೈಹಾಕಿ, ಕೇಳಿ ಕೇಳಿ ಹೊರಳಿಸುತ್ತಾಳೆ. ಪರೀಕ್ಷಕಿ ಮೊದಲು ಬರೆದದ್ದನ್ನು ಹೊಡೆದುಹಾಕಿ ಬೇರೇನೋ ಬರೆಯುತ್ತಾರೆ. ಏನೆಂದು ತಿಳಿಯಲು ಇನ್ನೂ ಒಂದು ತಿಂಗಳು ಕಾಯಬೇಕು.

ಮಧ್ಯಾಹ್ನ ಜಟ್ಟೆಪ್ಪ ಬುತ್ತಿ ಬಿಚ್ಚುವಾಗ ಗುಡ್ಡವ್ವ ಮುಲಾಮಿನ ಡಬ್ಬಿ ತಂದಿಡುತ್ತಾಳೆ. "ನಪಾಸಾದ್ರ ಮತ್ತ ನಿಮ್ಮ ಭುಜಕ್ಕನ ಬರ್ತೇನಿ, ನೋಡ್ರಿ."

"ಬಾ ಬಾರವ್ವಾ. ಮಲಗಾಕಂತೂ ನಾ ಅದೇನಿ."

ಅಷ್ಟೇ ಅಂದರು. ಹನ್ನೊಂದು ವರ್ಷಗಳಲ್ಲಿ, ಆ ಹಾಸಿಗೆಯ ಮೇಲೆ ತಮ್ಮ ಮುಖ ನೋಡಿದವಳು ಅವಳೊಬ್ಬಳೇ ಎಂಬುದನ್ನು ಜಟ್ಟೆಪ್ಪ ಅವಳಿಗೆ ಹೇಳಲೇ ಇಲ್ಲ.