ಮಾಸಿನ ಗಡಿಗೆಗಳು

ನಾನು ನರ್ಸಾಗಿರುವ ಆಸ್ಪತ್ರೆ ಜುಗೂಳದಿಂದ ದೂರವಿಲ್ಲ. ಆ ಊರಿನ ಹೊಳೆದಂಡೆಯಲ್ಲಿ ಪ್ರತಿವರ್ಷ ಗುಡಾರ ಹಾಕುವ ಅಲೆಮಾರಿಗಳಲ್ಲಿ ಒಬ್ಬ ಹುಡುಗಿ ಹೋದ ವರ್ಷ ಮೊದಲ ಸಲ ನಮ್ಮಲ್ಲಿಗೆ ಬಂದು ಹೆತ್ತಳು. ಬೆಳಿಗ್ಗೆ ಅವಳ ಅತ್ತೆ ಕೈ ಚಾಚಿದಳು.

"ಮಾಸು ಕೊಡ್ರಿ ಅಕ್ಕಾರ. ಗುಡಾರದ ಮುಂದ ಹುಗೀಬೇಕು. ಇಲ್ಲಾಂದ್ರ ಅದು ಕೂಸಿನ್ನ ಹುಡುಕ್ತೈತಿ."

ಕೂಸಿನ ಹಿಂದೆ ಹೊರಬಿದ್ದ ಮಾಸನ್ನು ನಿಯಮದಂತೆ ಹಿತ್ತಲ ಗುಂಡಿಗೆ ಹಾಕಿಯಾಗಿತ್ತು. ಅವಳು ಜಗಳವಾಡಲಿಲ್ಲ. ಗುಂಡಿಯ ಪಕ್ಕ ಕೂತು, ಮಗುವನ್ನು ಕರೆಯುವ ದನಿಯಲ್ಲಿ ಮಧ್ಯಾಹ್ನದವರೆಗೂ ಅದನ್ನು ಕರೆದಳು.

ಆಮೇಲೆ ಆ ಗುಡಾರಗಳಿಂದ ಒಬ್ಬ ಬಸುರಿಯೂ ಬರಲಿಲ್ಲ. ನಾವೇ ಹೋದರೆ ನಮ್ಮ ಕೈಗಳನ್ನು ನೋಡಿ ಒಳಗೆ ಸರಿಯುತ್ತಿದ್ದರು. ಅವರಿಗೆ ತಿಳಿಹೇಳಿ ಎಂದು ಮೇಲಿನವರು ಪೋಸ್ಟರು ಕಳಿಸಿದರು. ಪೋಸ್ಟರು ಯಾರಿಗೆ ಬೇಕಾಗಿತ್ತು? ನಾನು ಸಂತೆಯಿಂದ ಹೊಸ ಗಡಿಗೆಗಳನ್ನು ತಂದು ಹೆರಿಗೆ ಕೋಣೆಯ ಬಾಗಿಲಲ್ಲಿ ಸಾಲಾಗಿ ಇಟ್ಟೆ. ಸುದ್ದಿ ಗುಡಾರಗಳಿಗೆ ಮುಟ್ಟಿತು.

ಈ ವರ್ಷ ಬಂದರು. ಹೆತ್ತು, ಮಾಸು ತುಂಬಿದ ಗಡಿಗೆಯನ್ನೂ ಕೂಸಿನ ಜೊತೆ ಒಯ್ದರು. ಉಳಿದ ಸೊಸೆಯಂದಿರನ್ನು ಕರೆತಂದಿದ್ದ ಆ ಅತ್ತೆ ಮಾತ್ರ ಹೋಗುವಾಗ ಹಿತ್ತಲ ಕಡೆಗೆ ಕಿವಿಗೊಟ್ಟು ನಿಂತಳು.

"ಅದು ಇನ್ನೂ ಅಳಾಕತ್ತೈತ್ರಿ. ನಿಮಗ ಕೇಳಸೂದಿಲ್ಲೇನ್ರಿ?"

ಇಲ್ಲ ಎಂದೆ. ಆ ಕಡೆಯ ಕಿಟಕಿ ತೆರೆಯುವುದನ್ನು ನಾನು ಬಿಟ್ಟು ಆಗಲೇ ವರ್ಷವಾಗಿತ್ತು.