ಪ್ರೆಶರಿಗೆ ಬರೆದುಕೊಟ್ಟ ಮೀನು

ಹೋದ ವಾರ ಬ್ರಹ್ಮಾವರದಲ್ಲಿ ಹಲ್ಲಿನ ಡಾಕ್ಟರರ ಬಾಗಿಲಲ್ಲಿ ಕೆನ್ನೆ ಹಿಡಿದುಕೊಂಡು ಕೂತಿದ್ದೆ. ಹಲ್ಲುನೋವು ಬಂದವನಿಗೆ ಲೋಕದ ಯಾವ ವಸ್ತುವೂ ಹಿತವಾಗಿ ಕಾಣುವುದಿಲ್ಲ ಎಂಬುದು ನಿಮಗೂ ಗೊತ್ತಿರಬಹುದು. ಗೋಡೆಯ ಚಿತ್ರದಲ್ಲಿ ನಗುತ್ತಿದ್ದ ಹೆಂಗಸಿನ ಮೇಲೂ ನನಗೆ ಸಿಟ್ಟು ಬಂದಿತ್ತು. ಅಷ್ಟರಲ್ಲಿ ಅಲ್ಲಿ ಚೀಟಿ ಕೊಡುವ ಹುಡುಗಿ ಎದ್ದು, ಮೂಲೆಯಲ್ಲಿದ್ದ ಗಾಜಿನ ತೊಟ್ಟಿಯ ಮುಚ್ಚಳ ತೆಗೆದು ಮೀನಿಗೆ ತಿಂಡಿ ಉದುರಿಸಿದಳು. ಹಸಿ ಪಾಚಿಯ, ನೆನೆದ ಮರಳಿನ ವಾಸನೆ ಬಂತು. ಆ ವಾಸನೆಗೆ ನನ್ನ ಹಲ್ಲು ಒಂದು ಗಳಿಗೆ ತನ್ನ ಕೆಲಸ ಮರೆತುಬಿಟ್ಟಿತು. ನಾನು ಕುಂದಾಪುರದ ನಮ್ಮ ಮನೆಯ ಚಾವಡಿಯಲ್ಲಿದ್ದೆ.

ನನ್ನ ಅಪ್ಪಯ್ಯ ಬಂದರಿನಲ್ಲಿ ಮೀನು ಹರಾಜು ಕೂಗುತ್ತಿದ್ದವರು. ಆ ಕಸುಬಿನವರ ದೊಡ್ಡ ತೊಂದರೆಯೆಂದರೆ ಮನೆಗೆ ಬಂದ ಮೇಲೂ ಸ್ವರ ಇಳಿಯುವುದಿಲ್ಲ. ಅವರು ಒಂದು ಲೋಟ ಚಾ ಕೇಳಿದರೆ ಆಚೆಮನೆಯವರೂ ಒಲೆ ಹೊತ್ತಿಸಬೇಕು, ಹಾಗೆ. ಎರಡು ಸಾವಿರದ ಐದಾರರ ಹೊತ್ತಿಗೆ, ಹೀಗೆ ಕೂಗುತ್ತಿರುವಾಗಲೇ ಒಮ್ಮೆ ತಲೆ ತಿರುಗಿ ಐಸಿನ ಪೆಟ್ಟಿಗೆಯ ಮೇಲೆ ಕುಸಿದರು. ಡಾಕ್ಟರರು ಮಾತ್ರೆ ಬರೆದರು, ಉಪ್ಪು ಬಿಡಿಸಿದರು, ಬಂದರಿಗೆ ಹೋಗಬೇಡಿ ಎಂದರು. ಕೊನೆಗೆ ಹೇಳಿದರು:

"ಮನಿಯಂಗೆ ಒಂದ್ ಗಾಜಿನ ಟ್ಯಾಂಕ್ ಇಟ್ಟ್ ಮೀನ್ ಬಿಡಿ. ದಿನಾ ಅದ್ರ ಎದ್ರಿಗ್ ಕೂಕಂಡ್ ಕಾಣಿ. ಪ್ರೆಶರ್ ಇಳಿತ್ತ್."

ಅಪ್ಪಯ್ಯ ಅವರನ್ನೇ ನೋಡಿದರು. "ಡಾಕ್ಟ್ರೇ, ನಾ ಇಷ್ಟ್ ವರ್ಷ ಮೀನೇ ಕಂಡದ್ದ್. ಪ್ರೆಶರ್ ಬಂದದ್ದೇ ಅದ್ರಿಂದ."

"ಅದ್ ಸತ್ತದ್ ಮರಾಯ್ರೆ. ಇದ್ ಜೀವ ಇಪ್ಪುದ್."

ಆಗ ನಾನು ಕೋಟದ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಓದಿದವನೆಂಬ ಹೆಸರಿದ್ದುದರಿಂದ ಟ್ಯಾಂಕು ತರುವ ಕೆಲಸ ನನ್ನ ಪಾಲಿಗೆ ಬಂತು. ಪೇಟೆಗೆ ಹೋಗಿ ಎಲ್ಲ ತಂದೆ. ಬಣ್ಣದ ಕಲ್ಲು, ಗುಳುಗುಳು ಎನ್ನುವ ಪಂಪು, ಒಂದು ಪ್ಲಾಸ್ಟಿಕ್ ಅರಮನೆ, ನಾಲ್ಕು ಎಳೆ ಗಿಡ, ಒಂದಷ್ಟು ಪುಟ್ಟ ಗಪ್ಪಿ ಮೀನು, ಎರಡು ಏಂಜೆಲ್ ಮೀನು. ಚಾವಡಿಯಲ್ಲಿ ಜೋಡಿಸಿ, ದೀಪ ಹಾಕಿ, ಹೇಗಿದೆ ಎಂದು ಅಪ್ಪಯ್ಯನ ಮುಖ ನೋಡಿದೆ. ಅವರು ಗಪ್ಪಿಗಳ ಹತ್ತಿರ ಬಗ್ಗಿ ನೋಡಿ, "ಇದನ್ನ್ ಗಾಳಕ್ಕೆ ಸಿಕ್ಸಿದ್ರೆ ಏಡಿಯೂ ಬಪ್ಪುದಿಲ್ಲೆ" ಎಂದು ಗಂಭೀರವಾಗಿ ತೀರ್ಪು ಕೊಟ್ಟರು.

ಆದರೂ ಡಾಕ್ಟರರ ಮಾತೆಂದು ಕೂತರು. ಮದ್ದು ಕುಡಿಯುವವರಂತೆ ಮುಖ ಮಾಡಿಕೊಂಡು, ಮೊಣಕಾಲ ಮೇಲೆ ಕೈಯಿಟ್ಟು ಕೂತರು. ನೋಡಿ ನೋಡಿ ಅವರಿಗೆ ತಪ್ಪುಗಳು ಕಾಣತೊಡಗಿದವು. ಮೊದಲು ಹೋದದ್ದು ಅರಮನೆ. "ಇದ್ರಂಗೆ ಯಾವ್ ರಾಜ ಇದ್ದ? ಮೀನಿಗ್ ಅಡ್ಗುಕ್ ಜಾಗ ಬೇಕ್. ಸಮುದ್ರದಂಗೆ ಪಾರೆಕಲ್ಲ್ ಇಪ್ಪಲ್ಲೇ ಮೀನ್ ನಿಲ್ಲುದ್" ಎಂದು ಅಂಗಳದಲ್ಲಿದ್ದ ಕೆಂಪು ಮುರಕಲ್ಲಿನ ತುಂಡೊಂದನ್ನು ತಂದು ಇಳಿಸಿದರು. ಬೆಳಗಾಗುವಾಗ ನೀರು ಕೆಂಪು ಮಣ್ಣಿನ ಗದ್ದೆಯ ಹಾಗಾಗಿತ್ತು. ಮೀನೂ ಇಲ್ಲ, ಗಿಡವೂ ಇಲ್ಲ, ಬರೀ ಕೆಂಪು. ಹಾಗೆಂದು ಅವರು ಮದ್ದು ತಪ್ಪಿಸಲಿಲ್ಲ. ನೀರು ತಿಳಿಯಾಗುವವರೆಗೂ ದಿನಾ ಅದೇ ಹೊತ್ತಿಗೆ ಕೂತು ಆ ಕೆಂಪನ್ನೇ ದಿಟ್ಟಿಸಿದರು.

ಆಮೇಲೆ ಸಿದ್ದಾಪುರದ ಕಡೆಯ ಹೊಳೆಯಿಂದ ನುಣುಪಾದ ಕಪ್ಪು ಕಲ್ಲು ತರಿಸಿದರು. ಗದ್ದೆಬದಿಯ ತೋಡಿನಿಂದ ಉದ್ದನೆಯ ನೀರುಗಿಡ ಕಿತ್ತು ತಂದು ಹಿಂದೆ ನೆಟ್ಟರು, ಕುಳ್ಳ ಗಿಡಗಳನ್ನು ಎದುರಿಗೆ ತಂದರು, ನಡುವೆ ಬಯಲು ಬಿಟ್ಟರು. ಮರುವಾರ ಬಯಲು ಎಡಕ್ಕೆ ಹೋಯಿತು. ಅದರ ಮರುವಾರ ಕಲ್ಲು ಬಲಕ್ಕೆ ಬಂತು. ಗಿಡದ ಜೊತೆ ಕರೆಯದೆ ಬಂದ ಬಸವನಹುಳುಗಳು ಗಾಜಿನ ಮೇಲೆ ಸಂಸಾರ ಹೂಡಿದವು. ಏಂಜೆಲುಗಳಲ್ಲಿ ದೊಡ್ಡದು ಸಣ್ಣದನ್ನು ಅಟ್ಟಿಸಿಕೊಂಡು ಹೋಗುವುದು ಕಂಡು, ಎರಡರ ನಡುವೆ ದಟ್ಟವಾಗಿ ಗಿಡ ನೆಟ್ಟು, "ಮುಖ ಕಂಡ್ರಲ್ದಾ ಜಗಳ?" ಎಂದರು. ಜಗಳ ನಿಜಕ್ಕೂ ನಿಂತಿತು.

ಅಮ್ಮನಿಗೆ ಮಾತ್ರ ಉರಿ. "ನನ್ನ್ ಅಡ್ಗಿಮನಿಯಂಗೆ ಒಂದ್ ಹಲ್ಗಿ ಹೊಡಿರಿ ಅಂದ್ ಎಷ್ಟ್ ವರ್ಷದಿಂದ ಹೇಳ್ತಾ ಇದ್ದೆ. ಈ ಮೀನಿಗೆ ವಾರಕ್ಕೊಂದ್ ಹೊಸ ಮನಿ!"

ಅವಳಿಗೆ ಇನ್ನೂ ದೊಡ್ಡ ಕಷ್ಟ ಕಾದಿತ್ತು. ಒಂದು ಮಧ್ಯಾಹ್ನ ಬಂಗುಡೆ ಹುರಿಯುತ್ತಿರುವಾಗ ಅಪ್ಪಯ್ಯ ಎದ್ದು ಹೋಗಿ ಟ್ಯಾಂಕಿಗೆ ಬೆಡ್‌ಶೀಟು ಹೊದಿಸಿ ಬಂದರು. ಯಾಕೆಂದು ಕೇಳಿದರೆ, "ಇದನ್ನ್ ಅವು ಕಾಣ್ತೊ" ಎಂದರು. ಅಂದಿನಿಂದ ಮೀನು ಹುರಿಯುವ ಹೊತ್ತಿಗೆಲ್ಲ ಮೀನಿಗೆ ಬೆಡ್‌ಶೀಟು. ಕೆಲವು ದಿನ ಕಳೆದ ಮೇಲೆ ತಟ್ಟೆಯಲ್ಲಿದ್ದ ತುಂಡನ್ನೂ ಮೆಲ್ಲಗೆ ಬದಿಗೆ ಸರಿಸಿದರು.

"ಮೀನ್ ಕೂಗಿಯೇ ನಮ್ಮನ್ನೆಲ್ಲ ಸಾಕಿದ್ರಿ. ಈಗ ಎಂತ, ಬದನಿಕಾಯಿ ತಿಂಬುದಾ?" ಎಂದು ಅಮ್ಮ ಅತ್ತೇಬಿಟ್ಟಳು.

ನಮ್ಮವರಲ್ಲಿ ಒಬ್ಬ ಗಂಡಸು ಮೀನು ಬಿಟ್ಟನೆಂದರೆ ಅದು ಸಣ್ಣ ಸುದ್ದಿಯಲ್ಲ. ಮಾರುಕಟ್ಟೆಯಲ್ಲಿ ಹೊರಟ ಸುದ್ದಿ ಬಸ್ಸು ಹತ್ತಿತು. ವಂಡ್ಸೆ ಮುಟ್ಟುವಾಗ ಅವರು ವ್ರತ ಹಿಡಿದಿದ್ದರು, ಬೈಂದೂರು ಮುಟ್ಟುವಾಗ ಕಾವಿ ಉಡುವವರಿದ್ದರು, ಯಡ್ತರೆಯಲ್ಲಿದ್ದ ನನ್ನ ಚಿಕ್ಕಪ್ಪನ ಕಿವಿಗೆ ಬೀಳುವಾಗ ಇವತ್ತೋ ನಾಳೆಯೋ ಎಂಬಂತಿದ್ದರು.

ಈ ಚಿಕ್ಕಪ್ಪನ ಕಥೆ ಸ್ವಲ್ಪ ಹೇಳಬೇಕು. ಅಪ್ಪಯ್ಯನಿಗೂ ಅವನಿಗೂ ಸೇರಿ ಹಿಂದೆ ಒಂದು ದೋಣಿಯಿತ್ತು. ಅದಕ್ಕೆ ನೀಲಿ ಬಣ್ಣ ಹೊಡೆಯಬೇಕೆಂದು ಅಪ್ಪಯ್ಯ, ಹಸಿರೇ ಆಗಬೇಕೆಂದು ಅವನು. ಯಾರೂ ಸೋಲದೆ, ಕೊನೆಗೆ ಒಬ್ಬೊಬ್ಬರು ಒಂದೊಂದು ಬದಿಗೆ ಹೊಡೆದರು. ಅದು ನೀಲಿಯಾಗಿ ಹೋಗಿ ಹಸಿರಾಗಿ ಬರುವುದನ್ನು ಕಂಡು ದಡದವರು ಎರಡು ದೋಣಿಯೆಂದು ತಿಳಿದಿದ್ದರು. ಊರು ನಕ್ಕಿತು. ನಗಿಸಿದ್ದು ನೀನು, ನಗಿಸಿದ್ದು ನೀನು ಎಂದು ಮಾತು ಬಿಟ್ಟವರು, ದೋಣಿ ಕೈಬಿಟ್ಟು ಹೋದ ಮೇಲೂ ಮತ್ತೆ ಮಾತಾಡಿರಲಿಲ್ಲ. ಅಪ್ಪಯ್ಯ ಆಸ್ಪತ್ರೆಯಲ್ಲಿದ್ದಾಗಲೂ ಚಿಕ್ಕಪ್ಪ ಗೇಟಿನವರೆಗೆ ಬಂದು, ಒಳಗೆ ಬರಲಾರದೆ ವಾಪಸು ಹೋಗಿದ್ದ.

ಅಂಥವನು ಆ ವರ್ಷದ ಮೊದಲ ಮಳೆಗೆ ತೋಯ್ದು, ಗೋಣಿ ಮುಚ್ಚಿದ ಬಕೇಟು ಹಿಡಿದುಕೊಂಡು ನಮ್ಮ ಅಂಗಳದಲ್ಲಿ ನಿಂತ. ಬಕೇಟಿನೊಳಗೆ ಏನೋ ದಡಬಡ ಬಡಿದುಕೊಳ್ಳುತ್ತಿತ್ತು. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರಿ ಬರುವ ಮೀನನ್ನು ನಮ್ಮಲ್ಲಿ ಹತ್ತುಮೀನು ಎನ್ನುತ್ತಾರೆ. ಅಂಥದ್ದೊಂದು, ಮೊಣಕೈ ಉದ್ದದ, ಮೀಸೆಯ ಮುಗುಡು. ಅಪ್ಪಯ್ಯನಿಗೆ ಪ್ರಾಣ ಅದು.

ಇಬ್ಬರೂ ಚಾವಡಿಯಲ್ಲಿ ಮಾರು ದೂರದಲ್ಲಿ ನಿಂತರು. ಚಿಕ್ಕಪ್ಪ ಅಮ್ಮನಿಗೆ ಹೇಳಿದ: "ಅತ್ತಿಗೆ, ಹತ್ತುಮೀನ್ ತಂದಿದೆ ಅಂದ್ ಅಣ್ಣನಿಗ್ ಹೇಳಿ."

ಅಪ್ಪಯ್ಯ ಅಮ್ಮನಿಗೆ ಹೇಳಿದರು: "ನಾ ಮೀನ್ ತಿಂತಿಲ್ಲೆ ಅಂದ್ ಅವ್ನಿಗ್ ಹೇಳ್."

ಅಮ್ಮ ಅತ್ತ ಒಮ್ಮೆ, ಇತ್ತ ಒಮ್ಮೆ ಕತ್ತು ತಿರುಗಿಸಿ ಹೇಳಿದ್ದನ್ನೇ ಹೇಳಿದಳು. ಮಳೆ ಜೋರಾಯಿತು. ಬಂದವನನ್ನು ಕಳಿಸುವಂತಿಲ್ಲ, ತಂದದ್ದನ್ನು ಬೇಡವೆನ್ನುವಂತಿಲ್ಲ, ಜೀವ ಇರುವುದನ್ನು ಕೊಲ್ಲಲು ಅಪ್ಪಯ್ಯನಿಗೆ ಈಗ ಕೈ ಬರುವುದಿಲ್ಲ. ಅವರು ಬಕೇಟು ಎತ್ತಿ ಟ್ಯಾಂಕಿಗೆ ಸುರಿದರು.

ಚಿಕ್ಕಪ್ಪನ ಮುಖ ಬಿಳುಪೇರಿತು. "ಅತ್ತಿಗೆ! ಅದ್ ಇದ್ದದ್ದನ್ನೆಲ್ಲ ತಿಂತ್ತ್ ಅಂದ್ ಅಣ್ಣನಿಗ್ ಹೇಳಿ!"

ಅಷ್ಟು ಹೊತ್ತಿಗೆ ಅಮ್ಮ ಬೇಸತ್ತು ಒಳಗೆ ಹೋಗಿಯಾಗಿತ್ತು. ಅಪ್ಪಯ್ಯನಿಗೆ ಆ ಮಾತು ಕೇಳಲಿಲ್ಲವೆಂದಲ್ಲ. ಆದರೆ ತನಗೆ ಹೇಳದ ಮಾತನ್ನು ಕೇಳಿಸಿಕೊಳ್ಳುವುದು ಹೇಗೆ? ಅವರು ಗೋಡೆ ನೋಡುತ್ತ ನಿಂತರು. ಮಳೆ ಬಿಡಲಿಲ್ಲ, ಚಿಕ್ಕಪ್ಪ ಆ ರಾತ್ರಿ ಚಾವಡಿಯಲ್ಲೇ ಮಲಗಿದ.

ಬೆಳಿಗ್ಗೆ ಟ್ಯಾಂಕಿನಲ್ಲಿ ಕಲ್ಲು ಮಗುಚಿತ್ತು. ಗಿಡಗಳೆಲ್ಲ ಬುಡ ಮೇಲಾಗಿ ತೇಲುತ್ತಿದ್ದವು. ಗಪ್ಪಿಯಿಲ್ಲ, ಏಂಜೆಲಿಲ್ಲ. ನಡುವಿನ ಬಯಲಿನಲ್ಲಿ ಮುಗುಡು ಒಂದೇ ಹೊಟ್ಟೆ ಬಿಟ್ಟುಕೊಂಡು, ಮದುವೆ ಊಟ ಮುಗಿಸಿದ ನೆಂಟನಂತೆ ಮೀಸೆ ಆಡಿಸುತ್ತಿತ್ತು. ಅಪ್ಪಯ್ಯನ ಮುಖ ಕೆಂಪಾಗುತ್ತ ಬಂತು. ನಾನು ಮಾತ್ರೆಗೆ ಓಡಿದೆ. ಓಡುವಾಗಲೇ ಹಿಂದಿನಿಂದ ಆ ಹರಾಜಿನ ಸ್ವರ ಕೇಳಿತು.

"ನಿಂಗ್ ಹೇಳುಕ್ ಆಯ್ಲಿಲ್ಯನಾ?"

"ಹೇಳಿದೆ! ಅತ್ತಿಗೆಗ್ ಹೇಳಿದೆ!"

"ನಂಗ್ ಹೇಳ್ಕಿತ್ತ್!"

"ನೀ ನನ್ ಹತ್ರ ಮಾತಾಡ್ತಿದ್ಯಾ?"

 ಮಾತಾಡಿಬಿಟ್ಟೆವೆಂದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಒಳಗಿನಿಂದ ಅಮ್ಮ, "ಇನ್ನ್ ನಂಗ್ ಕೆಲ್ಸ ಇಲ್ಲೆ ಅಲ್ದಾ?" ಎಂದಳು.

ಅಪ್ಪಯ್ಯ ಕುರ್ಚಿಯಲ್ಲಿ ಕೂತರು. ಮುಗುಡನ್ನು ಬಹಳ ಹೊತ್ತು ನೋಡಿದರು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆಂದು ನಾನು ಹೆದರಿ ಹತ್ತಿರ ಹೋದರೆ, ನಗು! ಕಣ್ಣಲ್ಲಿ ನೀರು ಬರುವಂಥ ನಗು. ಚಿಕ್ಕಪ್ಪನೂ ನಕ್ಕ, ಆದರೆ ನಗುತ್ತ ನಗುತ್ತ ಅವನು ಅತ್ತೇಬಿಟ್ಟ. ಮಧ್ಯಾಹ್ನ ಬಂಗುಡೆ ಹುರಿಯುವಾಗ ಬೆಡ್‌ಶೀಟು ಹೊದಿಸುವವರಿಲ್ಲ. "ಅದೇ ತಿಂದಿತ್ತ್, ನಾ ಎಂತಕ್ ಬಿಡುದ್?" ಎಂದು ಅಪ್ಪಯ್ಯ ತಟ್ಟೆ ಎಳೆದುಕೊಂಡರು.

ಮುಗುಡು ಹೊಸ ಯಜಮಾನನಾಯಿತು. ಅದಕ್ಕೆ ತಕ್ಕಂತೆ ಮನೆ ಬದಲಾಗಬೇಕಲ್ಲ. ಚಿಕ್ಕಪ್ಪ ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಅಣ್ಣನ ಜೊತೆ ಮೊಣಕೈಯವರೆಗೆ ಕೈ ನೀರಲ್ಲಿ ಮುಳುಗಿಸಿ ಜಗಳವಾಡಿದ. ಮಣ್ಣು ಕೆದಕುವ ಮೀನೆಂದು ಗಿಡಗಳನ್ನು ಕಲ್ಲಿಗೇ ಕಟ್ಟಿದರು, ಕಲ್ಲು ಪೇರಿಸಿ ಗುಹೆ ಮಾಡಿದರು. ಹಿಂದಿನ ಗಾಜಿಗೆ ಅಂಟಿಸುವ ಕಾಗದದ ಬಣ್ಣದ ಮಾತು ಬಂದಾಗ ನಾನು ಎದ್ದು ಕಿಟಕಿ ಮುಚ್ಚಿದೆ. ಚಿಕ್ಕಪ್ಪ, "ನೀಲಿಯೇ ಇರ್ಲಿ, ಅಣ್ಣನಿಗ್ ಅದೇ ಇಷ್ಟ" ಎಂದ. ಅಪ್ಪಯ್ಯ, "ಬ್ಯಾಡ, ಹಸ್ರೇ ಆಯ್ಕ್, ನಿನ್ ಇಷ್ಟ" ಎಂದರು. ಇದೇ ಮಾತಿಗೆ ಸಂಜೆಯವರೆಗೆ ಕೂಗಾಡಿದರು. ಅಮ್ಮ ಹಳೆಯ ಕೊಡೆಯ ಕಪ್ಪು ಬಟ್ಟೆ ಕತ್ತರಿಸಿ ಅಂಟಿಸಿ ಹೋದಳು. ಗಿಡಗಳ ಹಸಿರು ಅಂದಿಗಿಂತ ಚೆಂದ ಎಂದೂ ಕಂಡಿರಲಿಲ್ಲ.

ಮುಂದಿನ ಸಲ ಡಾಕ್ಟರರು ತೋಳಿಗೆ ಪಟ್ಟಿ ಸುತ್ತಿ ಪ್ರೆಶರ್ ನೋಡಿ ಹಿಗ್ಗಿದರು. "ಕಂಡ್ರಾ, ಮೀನ್ ಕಂಡ್ರೆ ಇಳಿತ್ತ್ ಅಂದ್ ನಾ ಹೇಳಿದ್ನಲ್ದಾ?" 

ಮರುವರ್ಷದ ಮೊದಲ ಮಳೆಗೆ ಮುಗುಡು ಮುಚ್ಚಳ ದೂಡಿಕೊಂಡು ಹೊರಟುಹೋಯಿತು. ಅಣ್ಣ ತಮ್ಮ ಕೊಡೆ ಹಿಡಿದು ಗದ್ದೆಯಂಚೆಲ್ಲ ಹುಡುಕಿ, ತೋಯ್ದು, ಬರಿಗೈಯಲ್ಲಿ ಬಂದರು. "ಹತ್ತುಮೀನಲ್ದಾ ಅಣ್ಣ, ಹತ್ತಿ ಹೋಯ್ತ್" ಎಂದ ಚಿಕ್ಕಪ್ಪ. ಅವನು ಈಗಲೂ ಇದ್ದಾನೆ, ಅಪ್ಪಯ್ಯ ಇಲ್ಲ. ಪ್ರೆಶರಿಗೆ ಹೋದದ್ದಲ್ಲ, ವಯಸ್ಸಿಗೆ.

ಹಲ್ಲು ಕಿತ್ತರು. ಬಾಯಿ ತುಂಬ ಹತ್ತಿ ತುರುಕಿಸಿಕೊಂಡು ಹೊರಬಂದವನು ಬಾಗಿಲ ಕಡೆ ಹೋಗಬೇಕಿತ್ತು, ಆ ತೊಟ್ಟಿಯ ಕಡೆ ಹೋದೆ. ಉದ್ದದ ಗಿಡ ಎದುರಿಗೆ ನೆಟ್ಟಿದ್ದರು. ಒಂದು ಏಂಜೆಲು ಇನ್ನೊಂದನ್ನು ಮೂಲೆಗೆ ತಳ್ಳಿ ಕಾವಲು ನಿಂತಿತ್ತು. ಕೇಳಬೇಕೆಂದೂ ನನಗೆ ತೋಚಲಿಲ್ಲ. ಮುಚ್ಚಳ ತೆಗೆದು, ಅಂಗಿಯ ತೋಳು ಮಡಚಿ ಕೈ ಇಳಿಸಿದೆ. ಹುಡುಗಿ ಚೀರಿದಳು, ಡಾಕ್ಟರರು ಓಡಿ ಬಂದರು. ನಾನು ಹತ್ತಿಯೊಳಗಿಂದಲೇ ವಿವರಿಸಲು ನೋಡಿದೆ.

"ಮಾತಾಡ್ಬೇಡಿ ಮರಾಯ್ರೆ, ರಕ್ತ ನಿಲ್ಕ್!" ಎಂದರು.

ನಾನು ಬೆರಳಿನಿಂದ ಆ ಎರಡು ಮೀನುಗಳನ್ನೂ, ನಡುವಿನ ಖಾಲಿ ಜಾಗವನ್ನೂ ತೋರಿಸಿದೆ. ಡಾಕ್ಟರರು ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೈಗವಸು ಕಳಚಿ ಬದಿಗಿಟ್ಟು, ತಾವೂ ತೋಳು ಮಡಚಿದರು.

"ಹೌದ್ ಮರಾಯ್ರೆ. ಕಲ್ಲ್ ಎಲ್ಲಿಗ್ ಇಡ್ಕ್, ಎಡಕ್ಕಾ ಬಲಕ್ಕಾ?"