ತೆರೆಯ ಮೇಲೆ ನಾನು ಮುಚ್ಚಿಟ್ಟ ಸಾಲುಗಳು

ಗ್ರಂಥಾಲಯಗಳಿಗೆ ಗಣಕಯಂತ್ರ ಕಾಲಿಟ್ಟ ಮೇಲೆ ಅದನ್ನು ತರಿಸಿದವರು, ಉದ್ಘಾಟಿಸಿದವರು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ಯಂತ್ರ ತಾನಾಗಿ ಹೇಳುವುದನ್ನು ನಿಂತು ಓದಿದವರು ಬೆರಳೆಣಿಕೆಯಷ್ಟು. ಅಂಥವರಲ್ಲಿ ಅಗ್ರಗಣ್ಯರು, ಮೂವತ್ತಮೂರು ವರ್ಷ ನಮ್ಮ ಗ್ರಂಥಾಲಯದ ಗಣಕ ವಿಭಾಗದಲ್ಲಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯರು. ಅವರನ್ನು ನಾವೆಲ್ಲ ಕರೆಯುವುದು ಸಾಲು ಮೇಷ್ಟ್ರು ಎಂದೇ.

ಈ ಹೆಸರಿಗೆ ಕಾರಣವಿದೆ. ಸರ್ವರ್ ಚಾಲೂ ಆಗುವಾಗ, ಅದರ ವ್ಯವಸ್ಥೆಯ ತಿರುಳಾದ ಕರ್ನೆಲ್ ತನಗೆ ಏನೇನು ಸಿಕ್ಕಿತು, ಏನು ಸಿಗಲಿಲ್ಲ ಎಂದು ಕಪ್ಪು ತೆರೆಯ ಮೇಲೆ ಸಾಲುಸಾಲಾಗಿ ಬರೆಯುತ್ತದೆ. ಇಷ್ಟು ಮೆಮೊರಿ ಇದೆ, ಮೊದಲ ಡಿಸ್ಕ್ ಇದೆ, ಎರಡನೆಯದು ಉತ್ತರ ಕೊಡುತ್ತಿಲ್ಲ ಎಂಬಂಥ ಸಾಲುಗಳು. ನೋಡುವವರು ಗಾಬರಿಯಾಗದಿರಲೆಂದು ಅವನ್ನು ಒಂದು ಚಿತ್ರದ ಹಿಂದೆ ಮರೆಮಾಡುವ ಏರ್ಪಾಡೂ ಉಂಟು. ಮೇಷ್ಟ್ರು ಆ ಏರ್ಪಾಡನ್ನು ಮೊದಲ ದಿನವೇ ತೆಗೆದುಹಾಕಿದರು. ಪ್ರತಿ ಸೋಮವಾರ, ಓದುಗರಿಗೆ ಬಾಗಿಲು ತೆರೆಯುವ ಮುನ್ನ ಸರ್ವರನ್ನು ಆರಿಸಿ ಮತ್ತೆ ಹಚ್ಚಿ, ಕನ್ನಡಕವನ್ನು ಹಣೆಗೇರಿಸಿ, ಮೂಗು ತೆರೆಗೆ ತಾಗುವಷ್ಟು ಹತ್ತಿರ ನಿಂತು ಓದುತ್ತಿದ್ದರು. ಪತ್ರಿಕಾ ವಿಭಾಗದವರು, "ಮೇಷ್ಟ್ರದ್ದು ಪಾರಾಯಣ ಶುರುವಾಯ್ತು" ಎಂದು ನಗುತ್ತಿದ್ದರು. ಮೇಷ್ಟ್ರು ತಲೆಕೆಡಿಸಿಕೊಂಡವರಲ್ಲ.

ಹದಿನಾರು ವರ್ಷಗಳ ಹಿಂದೆ ನಾನು ಅವರ ಕೈಕೆಳಗೆ ಸೇರಿದಾಗ ಆ ಸಾಲುಗಳನ್ನು ಕಂಡರೆ ನಾನು ಹೆದರಿ ಹಿಂದೆ ಸರಿಯುತ್ತಿದ್ದೆ. ಅದನ್ನು ಗಮನಿಸಿದ ಅವರು ಯಾರಿಗೂ ಹೇಳದೆ, ಒಂದು ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲನ್ನೂ ಬರೆದು, ಕೆಳಗೆ ಅದರ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ, ನಲವತ್ತು ಪುಟ ತುಂಬಿಸಿ ಕೊಟ್ಟರು. "ಎದ್ದ ತಕ್ಷಣ ಅದು ಕೈಕಾಲು ಆಡಿಸಿ ನೋಡ್ಕೊಳ್ತಿದೆ ಕಣಮ್ಮ, ಅಷ್ಟೇ. ನಾವು ಹತ್ರ ಇದ್ರೆ ಸಾಕು" ಎಂದಿದ್ದರು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಆರು ವಾರ ನನ್ನ ಪಾಲಿನ ಕೆಲಸವನ್ನೂ ಮಾಡಿ, ಹಾಜರಿ ಪುಸ್ತಕದಲ್ಲಿ ಒಂದು ಕೆಂಪು ಗೆರೆ ಬೀಳದಂತೆ ನೋಡಿಕೊಂಡರು.

ಇಲ್ಲಿಯವರೆಗೆ ಬರೆದದ್ದನ್ನು ಯಾರು ಬೇಕಾದರೂ ಬರೆದಾರು. ಇನ್ನು ಮುಂದಿನದನ್ನು ನಾನೊಬ್ಬಳೇ ಬರೆಯಬೇಕು.

ಒಂಬತ್ತು ವರ್ಷಗಳ ಹಿಂದೆ ಮೇಷ್ಟ್ರನ್ನು ಶಾಖೆಯ ಗ್ರಂಥಾಲಯಕ್ಕೆ ಏಳು ತಿಂಗಳ ಮಟ್ಟಿಗೆ ಕಳಿಸಿದರು. ಹೊರಡುವಾಗ ಅವರು ನನಗೆ ವಹಿಸಿದ್ದು ಒಂದೇ ಕೆಲಸ: ಸೋಮವಾರದ ಓದು. ಆ ದಿನಗಳಲ್ಲಿ, ನಾವೆಲ್ಲ ಕಾರ್ಡಮ್ಮ ಎಂದು ಕರೆಯುವ ಸೂಚಿ ವಿಭಾಗದ ಹಿರಿಯಕ್ಕ, ಮರದ ಡ್ರಾಯರುಗಳಲ್ಲಿದ್ದ ಹಳೆಯ ಸೂಚಿ ಕಾರ್ಡುಗಳನ್ನು ಯಂತ್ರಕ್ಕೆ ಏರಿಸುತ್ತಿದ್ದರು. ಏರಿಸಿದ ಕಾರ್ಡನ್ನು ರದ್ದಿಗೆ ಹಾಕಲು ಅವರಿಗೆ ಮನಸ್ಸಿರಲಿಲ್ಲ. "ಹಾಕಿ ಅಕ್ಕ, ದಿನಾ ಸಂಜೆ ಎರಡನೇ ಡಿಸ್ಕಿಗೆ ನಕಲಾಗತ್ತೆ. ನನ್ನ ಮಾತಿನ ಮೇಲೆ ಹಾಕಿ" ಎಂದು ಮೇಷ್ಟ್ರು ಒಪ್ಪಿಸಿದ್ದರು. ಇಬ್ಬರದೂ ಇಪ್ಪತ್ತು ವರ್ಷದ ಸ್ನೇಹ; ಮಧ್ಯಾಹ್ನದ ಊಟ ಒಂದೇ ಮೇಜಿನಲ್ಲಿ.

ಮೇಷ್ಟ್ರು ಹೋದ ತಿಂಗಳೇ ಪರಿಶೀಲನಾ ಸಮಿತಿ ಬರುವುದೆಂದಾಯಿತು. ಕಪ್ಪು ತೆರೆ, ಬಿಳಿ ಸಾಲು ಕಂಡು ಯಂತ್ರ ಕೆಟ್ಟಿದೆ ಎಂದುಕೊಂಡಾರೆಂದು ನಾನು ನಮ್ಮ ಕಟ್ಟಡದ ಬಣ್ಣದ ಚಿತ್ರವೊಂದನ್ನು ಅಡ್ಡ ಹಾಕಿದೆ. ಸಮಿತಿಯವರು ಮೆಚ್ಚಿದರು, ನಾನು ಉಬ್ಬಿಹೋದೆ. ವಾರ ಬಿಟ್ಟು ತೆಗೆದರಾಯಿತೆಂದುಕೊಂಡದ್ದು ಹಾಗೇ ಉಳಿಯಿತು. ಒಂದು ಕೀಲಿ ಒತ್ತಿದ್ದರೆ ಚಿತ್ರ ಸರಿದು ಸಾಲುಗಳು ಕಾಣುತ್ತಿದ್ದವು. ನಾನು ಒತ್ತಲಿಲ್ಲ. ಪ್ರತಿ ಸೋಮವಾರ ಚಿತ್ರ ನೋಡಿ, ಓದಿದೆನೆಂದು ಅದಕ್ಕೆಂದೇ ಇಟ್ಟಿದ್ದ ಪುಸ್ತಕದಲ್ಲಿ ಸಹಿ ಹಾಕಿದೆ.

ಆ ತಿಂಗಳುಗಳಲ್ಲೇ ಎರಡನೆಯ ಡಿಸ್ಕ್ ಉತ್ತರ ಕೊಡುವುದನ್ನು ನಿಲ್ಲಿಸಿತ್ತು; ಚಿತ್ರದ ಹಿಂದಿನ ಸಾಲು ಅದನ್ನೇ ಹೇಳುತ್ತಿತ್ತು. ಅದರ ಹೆಸರಿನ ಖಾಲಿ ಫೋಲ್ಡರೊಂದು ಮೊದಲ ಡಿಸ್ಕಿನಲ್ಲೇ ಇದ್ದುದರಿಂದ ಸಂಜೆಯ ನಕಲು ಅದರೊಳಗೇ ಹೋಗಿ ಬೀಳುತ್ತಿತ್ತು, ಮತ್ತು ನಕಲು ಮುಗಿಯಿತೆಂಬ ಸಂದೇಶ ತಪ್ಪದೆ ಬರುತ್ತಿತ್ತು. ಮೇಷ್ಟ್ರು ಮರಳಿ ಬಂದ ಮೂರನೆಯ ದಿನ, ಅವರ ಮೊದಲ ಸೋಮವಾರಕ್ಕೂ ಮುಂಚೆ, ಮೊದಲ ಡಿಸ್ಕೂ ಹೋಯಿತು. ಹನ್ನೊಂದು ಸಾವಿರ ಕಾರ್ಡುಗಳ ಕೆಲಸ ಅದರ ಜೊತೆ ಹೋಯಿತು. ಕಾರ್ಡುಗಳು ಮೊದಲೇ ರದ್ದಿಗೆ ಹೋಗಿದ್ದವು.

ಹೊಸ ಡಿಸ್ಕ್ ಜೋಡಿಸುವಾಗ ಮೇಷ್ಟ್ರು ಸೋಮವಾರದ ಪುಸ್ತಕವನ್ನು ತಿರುವಿ ಹಾಕಿದ್ದು, ನನ್ನ ಸಹಿಗಳನ್ನು ನೋಡಿದ್ದು, ಮುಚ್ಚಿ ಡ್ರಾಯರಿಗೆ ಹಾಕಿದ್ದು, ಎಲ್ಲವನ್ನೂ ನಾನು ಬಾಗಿಲಲ್ಲಿ ನಿಂತು ಕಂಡೆ. "ಚಿತ್ರ ಬೇಡಮ್ಮ ಇನ್ಮೇಲೆ" ಎಂದರು, ಅಷ್ಟೇ. ವಿಚಾರಣೆಯಲ್ಲಿ, ವಿಭಾಗದ ಹೊಣೆ ತಮ್ಮದು ಎಂದು ಬರೆದುಕೊಟ್ಟರು. ಅವರಿಗೆ ಬರಬೇಕಿದ್ದ ಮುಖ್ಯಸ್ಥರ ಹುದ್ದೆ ಬರಲಿಲ್ಲ. ಹೊರಗಿನವರೊಬ್ಬರು ಬಂದು ಹೋದ ಮೇಲೆ ಆ ಕುರ್ಚಿಯಲ್ಲಿ ಈಗ ನಾನು ಕುಳಿತಿದ್ದೇನೆ. ನಾಚಿಕೆಯಾಗುತ್ತದೆ.

ಹುದ್ದೆ ಹೋದದ್ದಕ್ಕೆ ಅವರು ಮರುಗಿದ್ದನ್ನು ನಾನು ಕಾಣೆ. ಕಾರ್ಡಮ್ಮ ಮಾತು ಬಿಟ್ಟದ್ದಕ್ಕೆ ಮರುಗಿದರು. ಪುಸ್ತಕಗಳನ್ನು ಒಂದೊಂದಾಗಿ ಕಪಾಟಿನಿಂದ ಇಳಿಸಿ ಮತ್ತೆ ಸೂಚಿ ಬರೆಯಲು ಕಾರ್ಡಮ್ಮನಿಗೆ ಎರಡು ವರ್ಷ ಹಿಡಿಯಿತು. "ಅವರ ಮಾತು ನಂಬಿ ಹಾಕ್ದೆ" ಎಂದು ಒಮ್ಮೆ ಹೇಳಿದವರು, ಮೇಷ್ಟ್ರ ಮೇಜಿನಿಂದ ಎದ್ದು ನನ್ನ ಮೇಜಿಗೆ ಬಂದು ಕುಳಿತರು. ಕಾರ್ಡಮ್ಮ ನಿವೃತ್ತರಾಗುವವರೆಗೆ ನಾಲ್ಕು ವರ್ಷ ನಾವಿಬ್ಬರೂ ಎದುರುಬದುರು ಊಟ ಮಾಡಿದೆವು. ಮೇಷ್ಟ್ರು ಕಿಟಕಿಯ ಬಳಿ ಒಬ್ಬರೇ. ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಹೊರಟೆ. ಪ್ರತಿ ಸಲವೂ ಬೇರೆ ಮಾತು ತೆಗೆದೆ.

ಮೇಷ್ಟ್ರ ಈ ಅಭಿನಂದನ ಸಂಪುಟಕ್ಕೆ ಲೇಖನ ಕೇಳಿದಾಗ ನಾನು ಮೊದಲು ಹೋದದ್ದು ಕಾರ್ಡಮ್ಮನ ಮನೆಗೆ. ಬಟ್ಟೆ ಮಡಿಸುತ್ತಾ ಕುಳಿತಿದ್ದರು. ಎಲ್ಲವನ್ನೂ ಹೇಳಿದೆ. ಅವರ ಕೈ ನಿಂತಿತು.

"ನಾಲ್ಕು ವರ್ಷ ನನ್ನ ಎದುರಿಗೇ ಕೂತು ಉಂಡ್ಯಲ್ಲೇ" ಎಂದರು.

ಅರ್ಧ ಮಡಿಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟು ಅವರೇ ಕೇಳಿದರು: "ಅವ್ರು ಯಾಕೆ ಹೇಳ್ಲಿಲ್ಲ ನಂಗೆ?"

"ನನ್ನ ಕೆಲಸ ಇನ್ನೂ ಕಾಯಂ ಆಗಿರ್ಲಿಲ್ಲ ಅಕ್ಕ."

"ಹೂಂ. ಅದಕ್ಕೇ ಇರ್ಬೇಕು" ಎಂದು ಕಣ್ಣೊರೆಸಿಕೊಂಡರು. "ಒಂಬತ್ತು ವರ್ಷ ಆಯ್ತು. ಈಗ ಹೋಗಿ ಏನಂತ ಮಾತು ಶುರು ಮಾಡ್ಲಿ?"

ಆ ದುರಂತಕ್ಕೆ ನಾನು, ನಾನೊಬ್ಬಳೇ ಕಾರಣ ಎಂಬುದನ್ನು ಈ ಪುಟದಲ್ಲಿ ದಾಖಲಿಸುತ್ತಿದ್ದೇನೆ, ಇಲಾಖೆಗೂ ಬರೆದುಕೊಟ್ಟಿದ್ದೇನೆ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲವಾದರೂ ಕೇಳುತ್ತೇನೆ. ಬೀಳ್ಕೊಡುಗೆ ಸಮಾರಂಭಕ್ಕೆ ಕಾರ್ಡಮ್ಮ ಬರುತ್ತೇನೆಂದಿದ್ದಾರೆ. ಮೇಷ್ಟ್ರಿಗೆ ದೀರ್ಘಾಯುಷ್ಯ, ಆರೋಗ್ಯ, ಮತ್ತು ಅವರಿಗಿಷ್ಟವಾದ ಕೆಲಸ ಸದಾ ಇರಲೆಂದು ಈ ಸಂಪುಟದಲ್ಲಿ ಎಲ್ಲರೂ ಹಾರೈಸಿದ್ದಾರೆ. ನನ್ನ ಹಾರೈಕೆ ಅವರಿಬ್ಬರಿಗೂ ಸೇರಿ: ನಾನು ತಿಂದುಹಾಕಿದ ಒಂಬತ್ತು ವರ್ಷಗಳ ಮಾತನ್ನು ಕುಳಿತು ಆಡಿ ಮುಗಿಸುವಷ್ಟು ಆಯುಷ್ಯ ಇಬ್ಬರಿಗೂ ಸಿಗಲಿ.